29 ವಾರಕ್ಕೆ ಹುಟ್ಟಿದ ಮಗಳು: ವಿಷಯ ಗೊತ್ತು, ಎಲ್ಲಿಂದ ಶುರು ಮಾಡಬೇಕೆಂದು ಮಾತ್ರ ತಿಳಿಯುವುದಿಲ್ಲ

ನಾಲ್ಕನೇ ಕ್ಲಾಸಿನ ಅಮ್ಮ (ಪ್ರಶ್ನೆ)

ನಮಸ್ಕಾರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ ಈಗ ಒಂಬತ್ತು ವರ್ಷ. 29 ವಾರಕ್ಕೇ ಹುಟ್ಟಿದವಳು. ತೂಕ 1,150 ಗ್ರಾಂ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮೊದಲು ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರ ಹಾಕಿದ್ದರು. ತಲೆಯ ಸ್ಕ್ಯಾನ್‌ನಲ್ಲಿ ಒಂದು ಬದಿ ಗ್ರೇಡ್ 1, ಅಂದರೆ ತೀರಾ ಸಣ್ಣ ಮಟ್ಟದ ರಕ್ತಸ್ರಾವ ಕಂಡಿತ್ತು, ಮುಂದಿನ ಸ್ಕ್ಯಾನ್ ಹೊತ್ತಿಗೆ ಅದು ಕರಗಿತ್ತು. ಎರಡು ವರ್ಷ ತುಂಬುವವರೆಗೂ ಫಾಲೋಅಪ್‌ಗೆ ಹೋದೆವು. ನಡೆಯುವುದು ತುಸು ತಡವಾಯಿತು, ಮಾತು ಸರಿಯಾದ ಹೊತ್ತಿಗೆ ಬಂತು. "ಮಗು ಚೆನ್ನಾಗಿದೆ, ಇನ್ನು ಬರಬೇಕಾಗಿಲ್ಲ" ಎಂದು ಕಳಿಸಿಕೊಟ್ಟರು. ಮೂರನೇ ಕ್ಲಾಸಿನವರೆಗೆ ನಮಗೂ ಚಿಂತೆಯೇ ಇರಲಿಲ್ಲ. ಓದುತ್ತಾಳೆ, ಕೇಳಿದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ, ಮಗ್ಗಿ ಬಾಯಲ್ಲೇ ಇದೆ.

ನಾಲ್ಕನೇ ಕ್ಲಾಸು ಶುರುವಾದ ಮೇಲೆ ಬೇರೆಯೇ ಮಗುವೇನೋ ಅನ್ನುವ ಹಾಗಾಗಿದೆ. ಒಂದು ಉದಾಹರಣೆ ಹೇಳುತ್ತೇನೆ. ಜಲಚಕ್ರದ ಮೇಲೆ ಚಾರ್ಟ್ ಮಾಡಿ ತರಲು ಹೇಳಿದ್ದರು. ಆವಿಯಾಗುವುದು, ಮೋಡ ಕಟ್ಟುವುದು, ಮಳೆ, ಮತ್ತೆ ಸಮುದ್ರ, ಎಲ್ಲವನ್ನೂ ನನಗೇ ಪಾಠ ಮಾಡುವಷ್ಟು ಬಲ್ಲಳು. ಆದರೆ ಕೂತ ಕೂಡಲೇ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಮೋಡ ಬರೆದು ಅದಕ್ಕೆ ಬಣ್ಣ ತುಂಬಲು ಶುರು ಮಾಡಿದಳು. ಸಂಜೆಯೆಲ್ಲ ಅದೇ ಮೋಡ. ಆಮೇಲೆ ತಲೆಬರಹ ಬರೆಯಲು ಹೋದಾಗ ಮೋಡ ಅಡ್ಡ ಬಂತು, ಕೊನೆಯ ಎರಡು ಅಕ್ಷರಗಳನ್ನು ಕೆಳಕ್ಕೆ ಬಗ್ಗಿಸಿ ಬರೆದಳು. ಸಮುದ್ರಕ್ಕೆ ಜಾಗವೇ ಉಳಿಯಲಿಲ್ಲ. ಅತ್ತುಬಿಟ್ಟಳು.

ಲೆಕ್ಕದಲ್ಲೂ ಇದೇ. ಕೂಡುವುದು, ಗುಣಿಸುವುದು ಬರುತ್ತದೆ. ಆದರೆ ಮೊದಲು ಗುಣಿಸಿ ಆಮೇಲೆ ಕಳೆಯಬೇಕಾದ ಲೆಕ್ಕವಾದರೆ ಗುಣಿಸಿದ ಉತ್ತರವನ್ನೇ ಕೊನೆಯ ಉತ್ತರ ಎಂದು ಬರೆದು ಕೆಳಗೆ ಗೆರೆ ಎಳೆದಿರುತ್ತಾಳೆ. "ಬ್ಯಾಗ್ ಜೋಡಿಸಿಕೋ, ಡೈರಿಗೆ ಸಹಿ ಹಾಕಿಸಿಕೋ, ಶೂ ಹಾಕಿಕೋ" ಎಂದರೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ.

ಶಾಲೆಯಲ್ಲಿ ಹೇಳುವುದು: "ಬುದ್ಧಿ ಇದೆ, ಸೋಮಾರಿ. ಮನಸ್ಸಿಟ್ಟರೆ ಮಾಡುತ್ತಾಳೆ." ಈ ಮಾತನ್ನು ಅವಳ ಎದುರಿಗೇ ಹೇಳುತ್ತಾರೆ. ಈಗ ಅವಳೂ "ನಾನು ಸೋಮಾರಿ ಅಲ್ವಾ ಅಮ್ಮ" ಅನ್ನತೊಡಗಿದ್ದಾಳೆ. ಅದಕ್ಕೇ ಟೆಸ್ಟ್ ಮಾಡಿಸಿದೆವು. ಒಟ್ಟು ಐಕ್ಯೂ 101. ಭಾಷೆ, ತರ್ಕ ಅದಕ್ಕಿಂತ ಮೇಲಿದೆ, ವರ್ಕಿಂಗ್ ಮೆಮೊರಿ (ಕೆಲಸ ಮಾಡುತ್ತಲೇ ತಲೆಯಲ್ಲಿ ಹಿಡಿದಿಡುವ ನೆನಪು) ಮತ್ತು ಪ್ರೊಸೆಸಿಂಗ್ ಸ್ಪೀಡ್ (ನೋಡಿ ಗ್ರಹಿಸಿ ಮಾಡುವ ವೇಗ) ಎರಡೂ 85ರ ಆಸುಪಾಸು. ಗೆರೆಗಳಿಂದಾದ ಒಂದು ಜಟಿಲ ಚಿತ್ರವನ್ನು ನೋಡಿ ಬರೆಯುವ ಪರೀಕ್ಷೆಯಲ್ಲಿ "ಯೋಜನೆ ದುರ್ಬಲ" ಎಂದು ಬರೆದಿದ್ದಾರೆ. ಅದರಾಚೆ ಯಾರೂ ಬಿಡಿಸಿ ಹೇಳಲಿಲ್ಲ.

ಬೇಗ ಹುಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇದೆಯೇ? ಇದ್ದರೆ ಎರಡು ವರ್ಷದ ತಪಾಸಣೆಯಲ್ಲಿ ಏಕೆ ಕಾಣಲಿಲ್ಲ? ನೆನಪಿನ ಶಕ್ತಿ ಹೆಚ್ಚಿಸುವ ಕಂಪ್ಯೂಟರ್ ತರಬೇತಿಗಳಿವೆಯಲ್ಲ, ಅವುಗಳಿಂದ ಉಪಯೋಗ ಆಗುತ್ತದೆಯೇ? ಶಾಲೆಗೆ ಅವಳ ಹುಟ್ಟಿನ ವಿಷಯ ಹೇಳಬೇಕೇ, ಹೇಳಿದರೆ ಹಣೆಪಟ್ಟಿ ಅಂಟುತ್ತದೆಯೇ? ಇದೇ ದಾರಿಯಲ್ಲಿ ನಡೆದವರು ದಯವಿಟ್ಟು ಬರೆಯಿರಿ.

---

31 ವಾರದವನ ಅಪ್ಪ

ಮೇಡಂ, ನಿಮ್ಮ ಚಾರ್ಟಿನ ಕಥೆ ಓದಿ ನಮ್ಮ ಮನೆಯದ್ದೇ ಯಾರೋ ಬರೆದಿದ್ದಾರೆ ಅನ್ನಿಸಿತು. ನಮ್ಮ ಹುಡುಗನಿಗೆ ಈಗ ಹದಿಮೂರು. 31 ವಾರಕ್ಕೆ ಹುಟ್ಟಿದ. ನಮಗೂ ನಾಲ್ಕನೇ ಕ್ಲಾಸಿನಲ್ಲೇ ಗೊತ್ತಾಗಿದ್ದು.

ನಮಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. ಬಾಯಲ್ಲಿ ಹೇಳುವುದನ್ನು ಕಡಿಮೆ ಮಾಡಿ ಕಣ್ಣಿಗೆ ಕಾಣುವ ಹಾಗೆ ಇಟ್ಟೆವು. ಬ್ಯಾಗ್ ಸರಿಯಾಗಿ ಜೋಡಿಸಿದ ಒಂದು ದಿನ ಅದರೊಳಗಿನದ್ದೆಲ್ಲ ನೆಲದ ಮೇಲೆ ಹರಡಿ ಫೋಟೋ ತೆಗೆದು, ಅದನ್ನು ಬಾಗಿಲ ಪಕ್ಕ ಅಂಟಿಸಿದೆ. ಪಟ್ಟಿ ಬರೆದು ಅಂಟಿಸಿದಾಗ ಅವನು ಓದುತ್ತಿರಲಿಲ್ಲ. ಫೋಟೋ ನೋಡಿ ಮಾತ್ರ ಹೋಲಿಸುತ್ತಿದ್ದ. ಈಗ ಫೋಟೋ ಬೇಕಾಗಿಲ್ಲ, ಆದರೆ ಹೊರಡುವ ಮುಂಚೆ ಆ ಗೋಡೆಯ ಕಡೆ ಒಮ್ಮೆ ನೋಡುವ ಅಭ್ಯಾಸ ಉಳಿದಿದೆ.

ಕೆಲಸಕ್ಕೆ ಬಾರದ್ದು ಸ್ಟಾರ್ ಚಾರ್ಟ್, ಬಹುಮಾನ, ಶಿಕ್ಷೆ. ಬಹುಮಾನದ ಆಸೆ ಅವನಿಗೆ ಬೇಕಾದಷ್ಟಿತ್ತು. ಸ್ಟಾರ್ ಸಿಗದ ದಿನ ನನಗಿಂತ ಹೆಚ್ಚು ನೊಂದುಕೊಳ್ಳುತ್ತಿದ್ದವನು ಅವನೇ. ಆಸೆಯ ಕೊರತೆ ಇಲ್ಲದ ಮಗುವಿಗೆ ಇನ್ನಷ್ಟು ಆಸೆ ತೋರಿಸಿ ಏನು ಪ್ರಯೋಜನ ಹೇಳಿ.

ಇನ್ನೊಂದು ಮಾತು. ಸ್ವಲ್ಪ ದೊಡ್ಡವರಾದ ಮೇಲೆ ನೆನಪಿಸುವುದನ್ನು ನಿಲ್ಲಿಸಿ, ಬಿದ್ದು ಎದ್ದು ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಎಲ್ಲರೂ ಒಪ್ಪಲಿಕ್ಕಿಲ್ಲ.

---

ಮಕ್ಕಳ ಮನಃಶಾಸ್ತ್ರಜ್ಞೆ

ಅಮ್ಮನ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸುತ್ತೇನೆ. ದಿನ ತುಂಬದೆ ಹುಟ್ಟಿದ ಮಕ್ಕಳ ಫಾಲೋಅಪ್ ನನ್ನ ದಿನನಿತ್ಯದ ಕೆಲಸ. ನಿಮ್ಮ ಮಗಳನ್ನು ನಾನು ನೋಡಿಲ್ಲ, ಹಾಗಾಗಿ ಅವಳಿಗೆ ಇಂಥದ್ದೇ ಇದೆ ಎಂದು ಇಲ್ಲಿ ಕೂತು ಹೇಳಲಾರೆ. ಆದರೆ ನೀವು ಬರೆದ ಚಿತ್ರ ನನಗೆ ಬಹಳ ಪರಿಚಿತ.

ಸಂಬಂಧ ಇದೆ. 37 ವಾರ ತುಂಬುವ ಮುನ್ನ ಹುಟ್ಟಿದರೆ ಅವಧಿಪೂರ್ವ ಜನನ. 28ರಿಂದ 32 ವಾರದೊಳಗಿನದ್ದು "ತೀರಾ ಮುಂಚಿನ" ಗುಂಪು, ನಿಮ್ಮ ಮಗಳು ಅದರಲ್ಲಿ ಬರುತ್ತಾಳೆ. ಈ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ತೊಡಕುಗಳಲ್ಲಿ ಒಂದು ನಾವು ಎಕ್ಸಿಕ್ಯೂಟಿವ್ ಫಂಕ್ಷನ್ ಎಂದು ಕರೆಯುವ ಸಾಮರ್ಥ್ಯಗಳದ್ದು. ಒಂದು ವಿಷಯವನ್ನು ತಲೆಯಲ್ಲಿ ಹಿಡಿದುಕೊಂಡೇ ಇನ್ನೊಂದನ್ನು ಮಾಡುವುದು, ಮೊದಲು ತೋಚಿದ್ದನ್ನು ತಡೆದು ನಿಲ್ಲಿಸುವುದು, ಒಂದು ಬಗೆಯಿಂದ ಇನ್ನೊಂದು ಬಗೆಗೆ ಹೊರಳುವುದು, ಈ ಮೂರೂ ಸೇರಿದಾಗ ಯೋಜನೆ ಹುಟ್ಟುತ್ತದೆ. ಮೋಡಕ್ಕೆ ಬಣ್ಣ ತುಂಬುವ ಆಸೆಯನ್ನು ಸ್ವಲ್ಪ ತಡೆಯಬೇಕು, ಸಮುದ್ರಕ್ಕೂ ಜಾಗ ಬೇಕೆಂಬುದನ್ನು ನೆನಪಲ್ಲಿಟ್ಟುಕೊಳ್ಳಬೇಕು, ಬಣ್ಣದಿಂದ ಅಕ್ಷರಕ್ಕೆ ಹೊರಳಬೇಕು. ಒಂದು ಚಾರ್ಟ್ ಆ ಮೂರನ್ನೂ ಒಟ್ಟಿಗೆ ಕೇಳುತ್ತದೆ.

ಮಿದುಳಿನಲ್ಲಿ ಆಗುವುದೇನು? ಗರ್ಭದ ಕೊನೆಯ ಮೂರು ತಿಂಗಳು ಮಿದುಳಿನ ಮೇಲ್ಪದರ ಮಡಿಕೆ ಮಡಿಕೆಯಾಗಿ ಬೆಳೆಯುವ, ದೂರದ ಭಾಗಗಳ ನಡುವೆ ನರತಂತುಗಳು ಜೋಡಣೆಯಾಗುವ ಕಾಲ. ಆ ತಂತುಗಳ ಸುತ್ತ ಕವಚ ಕಟ್ಟುವ ಕೋಶಗಳು ಸುಮಾರು 24ರಿಂದ 32 ವಾರದ ನಡುವೆ ಇನ್ನೂ ಎಳೆಯವು. ಆಮ್ಲಜನಕದ ಏರುಪೇರು, ಸೋಂಕು, ಉರಿಯೂತ ಯಾವುದನ್ನೂ ಅವು ಸುಲಭವಾಗಿ ತಾಳಿಕೊಳ್ಳುವುದಿಲ್ಲ. ಯೋಜನೆಯ ಕೆಲಸ ಹಣೆಯ ಹಿಂಭಾಗದ ಮಿದುಳು ಒಂದೇ ಮಾಡುವಂಥದ್ದಲ್ಲ, ಅದು ಈ ಉದ್ದದ ತಂತುಗಳ ಮೂಲಕ ಬೇರೆ ಭಾಗಗಳೊಡನೆ ಸೇರಿ ಮಾಡುತ್ತದೆ. ಎನ್‌ಐಸಿಯುನಲ್ಲಿ ಮಾಡುವ ಅಲ್ಟ್ರಾಸೌಂಡ್ ರಕ್ತಸ್ರಾವವನ್ನೂ ದೊಡ್ಡ ಗಾಯಗಳನ್ನೂ ಚೆನ್ನಾಗಿ ತೋರಿಸುತ್ತದೆ, ಈ ಸೂಕ್ಷ್ಮ ವ್ಯತ್ಯಾಸಗಳನ್ನು ತೋರಿಸುವುದಿಲ್ಲ. ಅದಕ್ಕೇ "ಸ್ಕ್ಯಾನ್ ಸರಿಯಾಯಿತು" ಎನ್ನುವುದೂ ನಿಜ, ನಾಲ್ಕನೇ ಕ್ಲಾಸಿನ ಕಷ್ಟವೂ ನಿಜ. ನೀವು ಗರ್ಭಿಣಿಯಾಗಿದ್ದಾಗ ಏನು ಮಾಡಿದಿರಿ, ಏನು ಬಿಟ್ಟಿರಿ ಎಂಬ ಲೆಕ್ಕಾಚಾರಕ್ಕೆ ದಯವಿಟ್ಟು ಇಳಿಯಬೇಡಿ. ಎಷ್ಟೋ ತಾಯಂದಿರು ಕೇಳದೇ ಉಳಿಸಿಕೊಳ್ಳುವ ಪ್ರಶ್ನೆ ಅದು, ಅದಕ್ಕೇ ಹೇಳಿದೆ.

ಎರಡು ವರ್ಷದಲ್ಲಿ ಕಾಣಲಿಲ್ಲ ಏಕೆಂದರೆ ಎರಡು ವರ್ಷದ ಮಗುವಿನಿಂದ ಯೋಜನೆಯನ್ನು ಯಾರೂ ಬಯಸುವುದಿಲ್ಲ. ಬ್ಲಾಕ್ ಮೇಲೆ ಬ್ಲಾಕ್ ಇಡು, ನಾಯಿ ಎಲ್ಲಿದೆ ತೋರಿಸು, ಇಷ್ಟೇ. ಮುಂದಿನ ಹೆಜ್ಜೆ ಯಾವುದೆಂದು ದೊಡ್ಡವರೇ ಹೇಳುತ್ತಿರುತ್ತೇವೆ. ಮೂರನೇ ಕ್ಲಾಸಿನವರೆಗೂ ಟೀಚರ್ ಹಾಗೇ ಕೈ ಹಿಡಿದು ನಡೆಸುತ್ತಾರೆ. ಆಮೇಲೆ "ನೀವೇ ಮಾಡಿಕೊಂಡು ಬನ್ನಿ" ಶುರುವಾಗುತ್ತದೆ. ಅಂದರೆ ಮಗು ಹಿಂದೆ ಬಿದ್ದಿಲ್ಲ, ಅವಳಿಂದ ಕೇಳುವುದು ಒಮ್ಮೆಗೇ ಹೆಚ್ಚಾಯಿತು. ಬ್ರಿಟನ್ನಿನ 2017ರ ರಾಷ್ಟ್ರೀಯ ಮಾರ್ಗಸೂಚಿ 28 ವಾರಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಿಗೆ ನಾಲ್ಕು ವರ್ಷದಲ್ಲಿ ಮತ್ತೊಮ್ಮೆ ಪೂರ್ಣ ತಪಾಸಣೆ ಮಾಡಬೇಕೆಂದಿತು. 29, 30, 31 ವಾರದವರು ಆ ಗೆರೆಯ ಆಚೆ ಉಳಿಯುತ್ತಾರೆ. ನನ್ನ ಮಟ್ಟಿಗೆ ಆ ಗೆರೆ ಸಾಲದು.

ಐಕ್ಯೂ ಬಗ್ಗೆ: ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ 2002ರ ಒಂದು ವಿಶ್ಲೇಷಣೆಯಲ್ಲಿ ಅವಧಿಪೂರ್ವ ಮಕ್ಕಳ ಸರಾಸರಿ ಐಕ್ಯೂ ಪೂರ್ಣಾವಧಿ ಮಕ್ಕಳಿಗಿಂತ ಸುಮಾರು 11 ಅಂಕ ಕಡಿಮೆ ಇತ್ತು. ಆದರೆ ಸರಾಸರಿ ನಿಮ್ಮ ಮಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವಳ 101 ಅವಳದ್ದೇ. ನನಗೆ ಹೆಚ್ಚು ಮುಖ್ಯವೆನಿಸುವುದು ಜರ್ಮನಿಯ ಬವೇರಿಯಾದಲ್ಲಿ 1985-86ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದ ಅಧ್ಯಯನ. ಅದರ ಮಾಹಿತಿಯಿಂದ 2013ರಲ್ಲಿ ಬಂದ ಒಂದು ಬರಹ ಹೇಳಿದ್ದು ಇಷ್ಟು: ಕೆಲಸ ತಲೆಯ ಮೇಲೆ ಹಾಕುವ ಹೊರೆ ಹೆಚ್ಚಿದಂತೆಲ್ಲ, ಬೇಗ ಹುಟ್ಟಿದ ಮಕ್ಕಳಿಗೂ ಉಳಿದವರಿಗೂ ನಡುವಿನ ಅಂತರ ಹಿಗ್ಗುತ್ತದೆ. ಸರಳ ಕೆಲಸದಲ್ಲಿ ಅಂತರ ಅಷ್ಟಾಗಿ ಇಲ್ಲ. ನಿಮ್ಮ ಮಗಳು ಗುಣಾಕಾರ ಬಲ್ಲಳು, ವ್ಯವಕಲನ ಬಲ್ಲಳು, ಎರಡೂ ಒಂದೇ ಲೆಕ್ಕದಲ್ಲಿ ಬಂದಾಗ ನಡುವೆ ನಿಂತುಬಿಡುತ್ತಾಳೆ. ನೀವು ಮನೆಯಲ್ಲಿ ಕಂಡದ್ದೂ ಅವರು ಲೆಕ್ಕ ಹಾಕಿ ಕಂಡದ್ದೂ ಒಂದೇ.

ಗೆರೆಗಳ ಆ ಚಿತ್ರ ಬಹುಶಃ ರೇ ಚಿತ್ರ ಇರಬೇಕು. ಹಾಳೆ ನಿಮ್ಮ ಹತ್ತಿರ ಇದ್ದರೆ ಒಮ್ಮೆ ನೋಡಿ. ಮೂಲದಲ್ಲಿ ದೊಡ್ಡದೊಂದು ಆಯತ, ಅದರೊಳಗೆ ಕರ್ಣರೇಖೆಗಳು, ಒಳಗೂ ಹೊರಗೂ ಸಣ್ಣಪುಟ್ಟ ಅಂಗಗಳು ಇರುತ್ತವೆ. ದೊಡ್ಡ ಆಯತವನ್ನು ಮೊದಲು ಎಳೆದ ಮಗುವಿಗೆ ಉಳಿದದ್ದೆಲ್ಲ ತಾನಾಗಿಯೇ ಜಾಗಕ್ಕೆ ಬಂದು ಕೂರುತ್ತದೆ. ಯೋಜನೆಯ ತೊಡಕಿರುವ ಮಗು ಎಡಗಡೆಯ ಯಾವುದೋ ಸಣ್ಣ ಗುರುತಿನಿಂದ ಶುರು ಮಾಡಿ ಅಂಗದ ಪಕ್ಕ ಅಂಗ ಸೇರಿಸುತ್ತಾ ಹೋಗುತ್ತದೆ. ಎಲ್ಲ ಅಂಗಗಳೂ ಹಾಳೆಯ ಮೇಲಿರುತ್ತವೆ, ಆದರೆ ಗೆರೆಗೆ ಗೆರೆ ಕೂಡಿರುವುದಿಲ್ಲ. ಮಗು ಕಷ್ಟಪಟ್ಟೇ ಬರೆದಿರುತ್ತದೆ, ಎಷ್ಟೋ ಸಲ ಬೇರೆ ಮಕ್ಕಳಿಗಿಂತ ಹೆಚ್ಚು ಹೊತ್ತು ಕೂತು. ಮೂಲೆಯ ಮೋಡವೂ ಅದೇ. ಇದನ್ನು ಸೋಮಾರಿತನ ಎನ್ನುವವರಿಗೆ ಆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ.

ಈಗ ಕಂಪ್ಯೂಟರ್ ತರಬೇತಿ. ಮೆಲ್ಬರ್ನ್‌ನಲ್ಲಿ ಬಹಳ ಬೇಗ ಹುಟ್ಟಿದ ಏಳು ವರ್ಷದ ಮಕ್ಕಳ ಮೇಲೆ ಕಾಗ್‌ಮೆಡ್ ಎಂಬ ವರ್ಕಿಂಗ್ ಮೆಮೊರಿ ತರಬೇತಿಯನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಫಲಿತಾಂಶ 2018ರಲ್ಲಿ ಬಂತು. ಎರಡು ವರ್ಷದ ನಂತರ ಓದಿನಲ್ಲಿ, ಲೆಕ್ಕದಲ್ಲಿ, ಹೋಲಿಕೆಗಾಗಿ ಕೊಟ್ಟ ಸುಮ್ಮನೆಯ ಆಟಕ್ಕಿಂತ ಇದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆಟದಲ್ಲಿ ಅಂಕ ಏರುತ್ತದೆ, ಅದು ಚಾರ್ಟಿನ ತನಕ ಬರುವುದಿಲ್ಲ. ಆ ಹೊತ್ತನ್ನು ನಿದ್ದೆಗೆ, ಓಡಾಟಕ್ಕೆ, ಅವಳ ಜೊತೆ ಕೂತು ಒಂದು ನಿಜವಾದ ಕೆಲಸ ಮುಗಿಸುವುದಕ್ಕೆ ಕೊಡಿ ಎಂದೇ ನಾನು ಹೇಳುವುದು.

ಆ ನಿಜವಾದ ಕೆಲಸ ಹೇಗೆ? ಮುಂದಿನ ಚಾರ್ಟ್ ಬಂದಾಗ ಬಣ್ಣದ ಡಬ್ಬಿ ತೆಗೆಯುವ ಮೊದಲು ಒಂದು ರಫ್ ಹಾಳೆ ಕೊಟ್ಟು "ಮುಗಿದ ಮೇಲೆ ಇದು ಹೇಗೆ ಕಾಣಬೇಕು?" ಎಂದು ಕೇಳಿ. ಅವಳೇ ಪೆನ್ಸಿಲ್‌ನಲ್ಲಿ ಖಾಲಿ ಚೌಕಗಳನ್ನು ಹಾಕಲಿ: ತಲೆಬರಹ ಇಲ್ಲಿ, ಸಮುದ್ರ ಇಲ್ಲಿ, ಮೋಡ ಇಲ್ಲಿ. ಆಮೇಲೆ ಆ ಚೌಕಗಳು ದೊಡ್ಡ ಹಾಳೆಗೆ ತೆಳು ಗೆರೆಯಲ್ಲಿ ಬರಲಿ. ತಲೆಬರಹದ ಅಕ್ಷರಗಳಿಗೆ ಎಷ್ಟು ಜಾಗ ಎಂದು ಚುಕ್ಕಿ ಇಟ್ಟುಕೊಳ್ಳಲಿ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಪ್ರತಿ ಹೆಜ್ಜೆಗೂ ಎಷ್ಟು ಹೊತ್ತು ಬೇಕಾಗಬಹುದೆಂದು ಅವಳೇ ಊಹಿಸಿ ಪಕ್ಕದಲ್ಲಿ ಬರೆಯಲಿ, ಮುಗಿದ ಮೇಲೆ ನಿಜವಾಗಿ ಹಿಡಿದ ಹೊತ್ತನ್ನೂ ಬರೆಯಲಿ. ಈ ಕೊನೆಯದನ್ನು ಬಿಡಬೇಡಿ. ಹೊತ್ತಿನ ಅಂದಾಜು ಈ ಮಕ್ಕಳಿಗೆ ನಿಜಕ್ಕೂ ಕಷ್ಟ, ಅಂದಾಜಿಗೂ ವಾಸ್ತವಕ್ಕೂ ಇರುವ ಅಂತರವನ್ನು ಕಣ್ಣಾರೆ ಕಂಡು ಕಂಡೇ ಅದು ಬರುವುದು.

ಲೆಕ್ಕಕ್ಕೆ: ಪ್ರಶ್ನೆಯ ಕೊನೆಯ ವಾಕ್ಯವನ್ನು ಮೊದಲು ಓದಿ ಅಡಿಗೆರೆ ಹಾಕುವುದು. ಏನನ್ನು ಕೇಳಿದ್ದಾರೆ ಎಂಬುದು ಹಾಳೆಯ ಮೇಲೆ ಕಾಣುತ್ತಿದ್ದರೆ ಅದನ್ನು ತಲೆಯಲ್ಲಿ ಹಿಡಿದಿಡುವ ಕೆಲಸ ತಪ್ಪುತ್ತದೆ.

31 ವಾರದ ಅಪ್ಪನವರೇ, ನಿಮ್ಮ ಫೋಟೋ ಉಪಾಯ ತುಂಬಾ ಒಳ್ಳೆಯದು, ನಾನೂ ಇತರರಿಗೆ ಹೇಳುತ್ತೇನೆ. ಆದರೆ "ಬಿದ್ದು ಎದ್ದು ಕಲಿಯಲಿ" ಎಂಬುದನ್ನು ಒಪ್ಪಲಾರೆ. ಬಿದ್ದದ್ದರಿಂದ ಕಲಿಯುವುದಕ್ಕೂ ಇದೇ ಸಾಮರ್ಥ್ಯ ಬೇಕು. ಎಲ್ಲಿ ತಪ್ಪಿತು ಎಂದು ಹಿಂದಕ್ಕೆ ನಡೆದು ನೋಡುವುದು ಅವರಿಗೆ ಕಷ್ಟವಾದ್ದರಿಂದ, ಬಿದ್ದದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ನಿಮ್ಮ ಮಗ ಫೋಟೋ ಬಿಟ್ಟದ್ದು ನೀವು ಕಿತ್ತುಹಾಕಿದ್ದರಿಂದಲ್ಲ, ಅದು ಅವನೊಳಗೆ ಇಳಿದದ್ದರಿಂದ.

---

ನಾಲ್ಕನೇ ಕ್ಲಾಸಿನ ಅಮ್ಮ

ಮೇಡಂ, ಹಾಳೆ ತೆಗೆದು ನೋಡಿದೆ. ನೀವು ಹೇಳಿದ ಹಾಗೇ ಇದೆ. ಎಡಗಡೆಯ ಒಂದು ಸಣ್ಣ ಶಿಲುಬೆಯಿಂದ ಶುರು ಮಾಡಿದ್ದಾಳೆ, ದೊಡ್ಡ ಆಯತ ಮೂರು ತುಂಡಾಗಿ ಬಂದಿದೆ. ಇದನ್ನು ನೋಡಿ ನನ್ನ ಗಂಡನಿಗೂ ಮೊದಲ ಸಲ ವಿಷಯ ಮನದಟ್ಟಾಯಿತು. ಇಷ್ಟು ದಿನ "ನಿನ್ನ ಮುದ್ದು ಜಾಸ್ತಿಯಾಯಿತು" ಅನ್ನುತ್ತಿದ್ದರು.

ಇನ್ನೆರಡು ಸಂದೇಹ. ಇದು ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಆಗಿರಬಹುದೇ? ಅವಳು ಓಡಾಡಿ ಗಲಾಟೆ ಮಾಡುವ ಮಗು ಅಲ್ಲ, ಕೂತಲ್ಲೇ ಎಲ್ಲೋ ಹೋಗಿಬಿಡುತ್ತಾಳೆ. ಮತ್ತೆ, ದೊಡ್ಡವಳಾದ ಮೇಲೆ ಇದು ಹೋಗುತ್ತದೆಯೇ?

---

ಪ್ರೈಮರಿ ಟೀಚರ್

ಅಕ್ಕ, ಶಾಲೆಯ ಕಡೆಯಿಂದ ಒಂದು ಮಾತು ಹೇಳಲು ಬಂದೆ. ನಮಗೆ ತರಬೇತಿಯಲ್ಲಿ ಅವಧಿಪೂರ್ವ ಜನನದ ಬಗ್ಗೆ ಒಂದು ಪುಟವೂ ಇರಲಿಲ್ಲ. ಅಡ್ಮಿಷನ್ ಫಾರಂನಲ್ಲಿ ಹುಟ್ಟಿದ ದಿನಾಂಕ ಇರುತ್ತದೆ, ಎಷ್ಟನೇ ವಾರಕ್ಕೆ ಹುಟ್ಟಿತು ಎಂಬ ಅಂಕಣ ಇರುವುದಿಲ್ಲ. ಹಾಗಾಗಿ ಟೀಚರಿಗೆ ಕಾಣುವುದು ಇಷ್ಟೇ: ಬಾಯಲ್ಲಿ ಕೇಳಿದರೆ ಚೆನ್ನಾಗಿ ಉತ್ತರ ಹೇಳುವ ಮಗು, ಬರೆಯಲು ಕೊಟ್ಟರೆ ಮುಗಿಸುವುದಿಲ್ಲ. ಅದರಿಂದ "ಸೋಮಾರಿ" ಎಂಬಲ್ಲಿಗೆ ಹೋಗುವುದು ಬಹಳ ಸುಲಭ. ಆ ಮಾತು ಮಗುವಿನೆದುರು ಆಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ.

ದಯವಿಟ್ಟು ಹೇಳಿ. ಹೇಳಿದರೆ ನಮಗೆ ಮಾಡಲು ಆಗುವ ಕೆಲಸಗಳಿವೆ, ಅವು ದೊಡ್ಡವೂ ಅಲ್ಲ. ನನ್ನ ಕ್ಲಾಸಿನಲ್ಲಿ ಇಂಥದ್ದೇ ಒಬ್ಬ ಹುಡುಗ ಇದ್ದ. ಬೋರ್ಡಿನಿಂದ ನಕಲು ಮಾಡುವುದು ಅವನಿಗೆ ಬೇಡವೆಂದೆ, ಪ್ರಶ್ನೆಗಳನ್ನು ಚೀಟಿಯಲ್ಲಿ ಕೊಡುತ್ತಿದ್ದೆ. ಬೋರ್ಡ್ ನೋಡಿ, ನೆನಪಿಟ್ಟು, ಪುಸ್ತಕದಲ್ಲಿ ಜಾಗ ಹುಡುಕಿ ಬರೆಯುವುದರಲ್ಲೇ ಅವನ ಶಕ್ತಿಯೆಲ್ಲ ಮುಗಿದುಹೋಗುತ್ತಿತ್ತು, ಉತ್ತರ ಯೋಚಿಸಲು ಏನೂ ಉಳಿಯುತ್ತಿರಲಿಲ್ಲ. ಲೆಕ್ಕದ ಹಾಳೆಯನ್ನು ಅರ್ಧಕ್ಕೆ ಮಡಚಿ ಕೊಡುತ್ತಿದ್ದೆ, ಒಂದು ಸಲಕ್ಕೆ ಎರಡೋ ಮೂರೋ ಲೆಕ್ಕ ಮಾತ್ರ ಕಾಣುವ ಹಾಗೆ. ಇಡೀ ಕ್ಲಾಸಿಗೆ ಸೂಚನೆ ಕೊಟ್ಟ ಮೇಲೆ ಅವನ ಡೆಸ್ಕಿನ ಹತ್ತಿರ ಹೋಗಿ "ಮೊದಲು ಏನು ಮಾಡ್ತೀಯ?" ಎಂದು ಮಾತ್ರ ಕೇಳುತ್ತಿದ್ದೆ. ಹೇಳಿದ್ದನ್ನೇ ಮತ್ತೆ ಹೇಳುತ್ತಿರಲಿಲ್ಲ. ಅವನ ಬಾಯಿಂದಲೇ ಮೊದಲ ಹೆಜ್ಜೆ ಬಂದರೆ ಕೆಲಸ ಶುರುವಾಗುತ್ತಿತ್ತು.

ಬ್ರಿಟನ್ನಿನಲ್ಲಿ ಸಂಶೋಧಕರು ಶಿಕ್ಷಕರಿಗೆಂದೇ ಪ್ರಿಸಂ ಎಂಬ ಉಚಿತ ಆನ್‌ಲೈನ್ ಪಾಠ ಮಾಡಿದ್ದಾರೆ, ಅವಧಿಪೂರ್ವ ಮಕ್ಕಳ ಕಲಿಕೆಯ ಬಗ್ಗೆ. ನನ್ನ ಕಣ್ಣು ತೆರೆಸಿದ್ದು ಅದು. ಇಂಗ್ಲಿಷ್‌ನಲ್ಲಿದೆ, ನಿಮ್ಮ ಟೀಚರಿಗೂ ತಿಳಿಸಿ.

---

30 ವಾರಕ್ಕೆ ಹುಟ್ಟಿದವನು

ನಾನೇ ಅಂಥ ಮಗು. ಈಗ ಮೂವತ್ತು ದಾಟಿದೆ, ಕಟ್ಟಡದ ನಕ್ಷೆ ಬರೆಯುವ ಕೆಲಸ ಮಾಡುತ್ತೇನೆ. ಯೋಜನೆಯೇ ನನ್ನ ಜೀವನೋಪಾಯ ಎಂದರೆ ನನ್ನ ಹಳೆಯ ಮೇಷ್ಟ್ರುಗಳು ನಂಬಲಾರರು.

"ಹೋಗುತ್ತದೆಯೇ" ಎಂದು ಕೇಳಿದ್ದೀರಿ. ನನ್ನದು ಪೂರ್ತಿ ಹೋಗಿಲ್ಲ. ಇವತ್ತಿಗೂ ಫೋನಿನಲ್ಲಿ ಮಾತಾಡುತ್ತಾ ಇಮೇಲ್ ಬರೆಯಲಾರೆ. ಹೊಸ ಕೆಲಸ ಬಂದರೆ ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರುತ್ತೇನೆ: ಕೊಡುವ ದಿನ ಇದು, ಅದರ ಹಿಂದಿನ ದಿನ ಪ್ರಿಂಟ್, ಅದರ ಹಿಂದೆ ಅಳತೆ ತಾಳೆ ನೋಡುವುದು, ಹೀಗೆ ಇವತ್ತಿನವರೆಗೆ. ಎಲ್ಲವೂ ಕಾಗದದ ಮೇಲೆ. ತಲೆಯಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಜೊತೆಯವರು ಇದನ್ನು ಶಿಸ್ತು ಎಂದು ಹೊಗಳುತ್ತಾರೆ. ನನಗೆ ಇದಿಲ್ಲದೆ ನಡೆಯುವುದೇ ಇಲ್ಲ.

ಒಂದು ವಿಷಯ ಮಾತ್ರ ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳಬೇಕು. ನನ್ನ ಅಮ್ಮ ನನಗಾಗಿ ಪ್ರತಿಯೊಂದನ್ನೂ ಯೋಜಿಸಿದರು. ಟೈಮ್‌ಟೇಬಲ್ ಅವರದ್ದು, ಬ್ಯಾಗ್ ಅವರದ್ದು, ಪರೀಕ್ಷೆಗೆ ಯಾವ ಪಾಠ ಯಾವ ದಿನ ಎನ್ನುವುದೂ ಅವರದ್ದೇ. ಪ್ರೀತಿಯಿಂದಲೇ ಮಾಡಿದರು, ನನಗೆ ಒಳ್ಳೆಯ ಅಂಕಗಳೂ ಬಂದವು. ಹಾಸ್ಟೆಲ್‌ಗೆ ಹೋದ ಮೊದಲ ಸೆಮಿಸ್ಟರ್‌ನಲ್ಲಿ ಎಲ್ಲವೂ ಕುಸಿಯಿತು, ಏಕೆಂದರೆ ಆ ಯೋಜನೆಗಳಲ್ಲಿ ಒಂದೂ ನನ್ನದಾಗಿರಲಿಲ್ಲ. ಮೇಲೆ ಮೇಡಂ ಹೇಳಿದ "ಅವಳೇ ಚೌಕ ಹಾಕಲಿ, ಅವಳೇ ಊಹಿಸಲಿ" ಎಂಬಲ್ಲಿ "ಅವಳೇ" ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವಳ ಯೋಜನೆ ನಿಮ್ಮದಕ್ಕಿಂತ ಕೆಟ್ಟದಾಗಿರುತ್ತದೆ. ಆದರೂ ಅದರಂತೆಯೇ ಮಾಡಲಿ.

ಮತ್ತೆ, ಅವಳಿಗೆ ಅವಳ ಹುಟ್ಟಿನ ಕಥೆ ಹೇಳಿ. ನನಗೆ ಇಪ್ಪತ್ತೆರಡರಲ್ಲಿ ತಿಳಿಯಿತು, ಅಷ್ಟರಲ್ಲಿ ನಾನು ದಡ್ಡ ಎಂದು ತೀರ್ಮಾನಿಸಿಕೊಂಡು ವರ್ಷಗಳೇ ಆಗಿದ್ದವು.

---

ಮಕ್ಕಳ ಮನಃಶಾಸ್ತ್ರಜ್ಞೆ

30 ವಾರದವರು ಬರೆದದ್ದು ನಾನು ಬರೆದುದಕ್ಕಿಂತ ಮೇಲು. ಅಪ್ಪನವರ ಮಾತಿನಲ್ಲಿದ್ದ ಸತ್ಯವೂ ಇದೇ ಇರಬೇಕು: ಹಿಡಿತ ಮೆಲ್ಲಮೆಲ್ಲಗೆ ಮಗುವಿನ ಕೈಗೆ ಹೋಗಬೇಕು. ಒಮ್ಮೆಲೇ ಬಿಡುವುದು ಬೇರೆ, ಒಂದೊಂದೇ ಹೆಜ್ಜೆ ಬಿಟ್ಟುಕೊಡುವುದು ಬೇರೆ.

ಅಮ್ಮನ ಎರಡು ಸಂದೇಹ. ಎಡಿಎಚ್‌ಡಿ ಅವಧಿಪೂರ್ವ ಮಕ್ಕಳಲ್ಲಿ ಹೆಚ್ಚು ಕಾಣುತ್ತದೆ, ಅದರಲ್ಲೂ ನೀವು ವರ್ಣಿಸಿದ, ಗಲಾಟೆಯಿಲ್ಲದೆ ಗಮನ ಜಾರಿಹೋಗುವ ಬಗೆಯದ್ದು. ಸುಮ್ಮನಿರುವ ಮಗುವಿನಿಂದ ಕ್ಲಾಸಿಗೆ ತೊಂದರೆಯಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಯೋಜನೆಯ ತೊಡಕಿದ್ದ ಮಾತ್ರಕ್ಕೆ ಎಡಿಎಚ್‌ಡಿ ಇದೆ ಎಂದಲ್ಲ. ಅದನ್ನು ಮಕ್ಕಳ ಮನೋವೈದ್ಯರು ಅಥವಾ ಬೆಳವಣಿಗೆಯ ತಜ್ಞ ವೈದ್ಯರು ಮನೆ, ಶಾಲೆ ಎರಡೂ ಕಡೆಯ ಮಾಹಿತಿ ತೆಗೆದುಕೊಂಡು ನಿರ್ಧರಿಸಬೇಕು. ಬ್ರೀಫ್ ಎಂಬ ಪ್ರಶ್ನಾವಳಿಯನ್ನು ನೀವೊಂದು, ಟೀಚರ್ ಒಂದು ತುಂಬಿಸಿಕೊಡಲು ಕೇಳಿ. ಟೆಸ್ಟ್ ಕೋಣೆ ಶಾಂತವಾಗಿರುತ್ತದೆ, ಎದುರಿಗೆ ಒಬ್ಬರೇ ಇರುತ್ತಾರೆ, ಒಂದು ಮುಗಿದ ಮೇಲೆ ಇನ್ನೊಂದನ್ನು ಅವರೇ ಕೊಡುತ್ತಾರೆ. ದಿನನಿತ್ಯದ ಪಾಡು ಅಲ್ಲಿ ಕಾಣುವುದಿಲ್ಲ, ಈ ಪ್ರಶ್ನಾವಳಿಯಲ್ಲಿ ಕಾಣುತ್ತದೆ. ಇದಕ್ಕೂ ಮೊದಲು ಕಣ್ಣು ಮತ್ತು ಕಿವಿ ಮತ್ತೊಮ್ಮೆ ತೋರಿಸಿ. ಬೇಗ ಹುಟ್ಟಿದ ಮಕ್ಕಳಲ್ಲಿ ಈ ಎರಡರ ತೊಂದರೆಯೂ ಹೆಚ್ಚು, ಬೋರ್ಡ್ ಸರಿಯಾಗಿ ಕಾಣದ ಮಗುವೂ "ಗಮನ ಕೊಡುವುದಿಲ್ಲ" ಎನ್ನಿಸಿಕೊಳ್ಳುತ್ತದೆ.

ಮುಂದೆ ಹೇಗೆ ಎಂಬುದಕ್ಕೆ: ಹಣೆಯ ಹಿಂದಿನ ಆ ಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಅವಳು ಖಂಡಿತ ಮುಂದೆ ಹೋಗುತ್ತಾಳೆ. ಹೈಸ್ಕೂಲಿಗೆ ಹೋದಾಗ, ವಿಷಯಕ್ಕೊಬ್ಬ ಟೀಚರ್ ಬಂದಾಗ ಮತ್ತೆ ಒಂದು ಏರು ಸಿಗುತ್ತದೆ. ಆ ವರ್ಷ ಸಹಾಯವನ್ನು ಕಡಿಮೆ ಮಾಡಬೇಡಿ, ಹೆಚ್ಚಿಸಿ.

ಶಾಲೆಗೆ ಕೊಡುವ ಪತ್ರ ಅರ್ಧ ಪುಟ ಸಾಕು. ನೀವು ಹೀಗೆ ಬರೆಯಬಹುದು: "ನಮ್ಮ ಮಗಳು 29 ವಾರಕ್ಕೆ ಹುಟ್ಟಿದವಳು. ಪರೀಕ್ಷೆಯ ಪ್ರಕಾರ ಅವಳ ತಿಳುವಳಿಕೆ ವಯಸ್ಸಿಗೆ ತಕ್ಕಂತಿದೆ, ಹಲವು ಹೆಜ್ಜೆಗಳ ಕೆಲಸವನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಮತ್ತು ವೇಗವಾಗಿ ಬರೆಯುವುದು ಕಷ್ಟ. ಸೂಚನೆಗಳನ್ನು ಒಂದೊಂದಾಗಿ ಕೊಡುವುದು, ನಕಲು ಮಾಡುವುದನ್ನು ಕಡಿಮೆ ಮಾಡುವುದು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು, ಈ ಮೂರು ವಿಷಯದಲ್ಲಿ ನಿಮ್ಮ ಸಹಾಯ ಬೇಕು. 'ಸೋಮಾರಿ' ಎಂಬ ಮಾತನ್ನು ಅವಳು ನಂಬತೊಡಗಿದ್ದಾಳೆ, ಆ ಮಾತು ಬೇಡವೆಂದು ಕೇಳಿಕೊಳ್ಳುತ್ತೇವೆ." ಎನ್‌ಐಸಿಯುನ ಡಿಸ್ಚಾರ್ಜ್ ಕಾಗದಗಳನ್ನು ಜೊತೆಗೆ ಕೊಡಬೇಕಾಗಿಲ್ಲ. ರೇ ಚಿತ್ರದ ಹಾಳೆಯನ್ನು ಮಾತ್ರ ಒಯ್ಯಿರಿ. ಪತ್ರ ಕೊಡುವ ಮೊದಲು ಮನೆಯಲ್ಲಿ ಅದನ್ನು ಅವಳಿಗೇ ಓದಿ ಹೇಳಿ, ಯಾವುದಾದರೂ ವಾಕ್ಯ ಅವಳಿಗೆ ಬೇಡವೆನಿಸಿದರೆ ತೆಗೆದುಹಾಕಿ.